ಬಕ್ಷೀಸಿನ ನಾಡಿನಲ್ಲಿ

ಪಿರಮಿಡ್ಡುಗಳನ್ನು ಕಾಣುವುದು ಸುಲಭ. ಅಲ್ಲಿಯವರೆಗೆ ಹೋಗಿಬರುವುದೇ ಕಷ್ಟ. ಉಣಕಲ್ಲಿನ ವೃದ್ಧ ದಂಪತಿಗಳಿಗೆ ಈಜಿಪ್ತ ಕಲಿಸಿದ ಮೊದಲ ಪಾಠವಿದು. ಗೀಜಾದಲ್ಲಿ ಒಂಟೆಯನ್ನೇರಲು ಒಂದು ದರ, ಇಳಿಯಲು ಇನ್ನೊಂದು! ಮೇಲೆ ‘ಬಕ್ಷೀಸು’ ಬೇರೆ. ಪಾರಸಿಯಿಂದ ಹೊರಟ ಆ ಮಾತು ಕೈರೋಗೂ ಹೋಗಿತ್ತು, ಹುಬ್ಬಳ್ಳಿಗೂ ಬಂದಿತ್ತು. ದುಭಾಷಿಯ ಅಗತ್ಯ ಬೀಳಲಿಲ್ಲ.

1987ರಲ್ಲಿ ಆರಂಭವಾದ ಕೈರೋ ಮೆಟ್ರೋದಲ್ಲಿ ನಡುವಣ ಡಬ್ಬಿಗಳು ಸ್ತ್ರೀಯರಿಗೆ ಮೀಸಲು. ನೂಕುನುಗ್ಗಲಿನಲ್ಲಿ ಆಕೆ ಅಲ್ಲಿ ಹತ್ತಿದರು. ಯಜಮಾನರು ಹೊರಗೇ ಉಳಿದರು. ಬಾಗಿಲು ಮುಚ್ಚಿತು. ಕನ್ನಡವೊಂದನ್ನೇ ಬಲ್ಲ ಆಕೆಯ ಕಣ್ಣೀರನ್ನು ಕಂಡು, ಪಕ್ಕದ ಮುದುಕಿಯೊಬ್ಬಳು ಮುಂದಿನ ನಿಲ್ದಾಣದಲ್ಲಿ ಜೊತೆಗೇ ಇಳಿದು, ಮರುಗಾಡಿ ಬರುವವರೆಗೆ ಕೈಹಿಡಿದು ಕುಳಿತಳು. ಯಜಮಾನರು ಬಂದೊಡನೆ ಹಣ ನೀಡಹೋದರು. ಮುದುಕಿ ನಕ್ಕು, ಅವರ ಮುಷ್ಟಿಯನ್ನು ಮುಚ್ಚಿ ನಡೆದುಬಿಟ್ಟಳು. ಇಡೀ ಪ್ರವಾಸದಲ್ಲಿ ಬಕ್ಷೀಸು ಬೇಡವೆಂದ ಕೈ ಅದೊಂದೇ.