ಬ್ರಹ್ಮಗಿರಿಯ ಒಂದು ತುಂಡು ಇದ್ದಿಲು

ಕೊನೆಯ ಬಸ್ಸು ತಪ್ಪಿದ್ದು ನನ್ನಿಂದ. 1994ರ ಜನವರಿ, ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಪಕ್ಕದಲ್ಲಿರುವ ಬ್ರಹ್ಮಗಿರಿಯನ್ನು ತೋರಿಸಲು ಮೇಷ್ಟ್ರು ನಮ್ಮ ಐದು ಜನರನ್ನು ಕರೆದುಕೊಂಡು ಬಂದಿದ್ದರು. ಉಳಿದವರೆಲ್ಲ ರಸ್ತೆಗೆ ಹೋಗಿ ನಿಂತಿದ್ದರೂ ನಾನು ಮಾತ್ರ ಗುಡ್ಡದ ಬುಡದ ಒಂದು ಕೊರಕಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಮಳೆನೀರು ಕೊಚ್ಚಿದ ಮಣ್ಣಿನ ಗೋಡೆಯಲ್ಲಿ ಹೆಬ್ಬೆರಳ ಗಾತ್ರದ ಕಪ್ಪು ತುಂಡೊಂದು ಹೊರಗೆ ಇಣುಕುತ್ತಿತ್ತು. ಇದ್ದಿಲು. ಅದನ್ನು ಬಿಡಿಸಿ, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಳಿಸಿಕೊಂಡು ಓಡಿ ಬರುವಷ್ಟರಲ್ಲಿ ಬಸ್ಸು ಹೋಗಿ ಧೂಳಷ್ಟೇ ಉಳಿದಿತ್ತು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಬೆಳಗಿನಿಂದ ನಮಗೆ ದಾರಿ ತೋರಿಸುತ್ತ ಜೊತೆಗಿದ್ದ ತಾತ, ‘ನಮ್ ಕಣದಾಗೆ ಮಲ್ಗಿ ಸ್ವಾಮಿ, ಬೆಳಿಗ್ಗೆ ಏಳು ಗಂಟೆಗೆ ಇನ್ನೊಂದು ಬಸ್ ಐತೆ’ ಅಂದ. ಹಾಗೆ ಶೇಂಗಾ ಬಳ್ಳಿಯ ಬಣವೆಯ ಮರೆಯಲ್ಲಿ, ಒಣಗಿದ ಜಾಲಿ ಕೊರಡುಗಳಿಗೆ ಬೆಂಕಿ ಹಚ್ಚಿ ಏಳು ಜನ ಸುತ್ತ ಕೂತೆವು. ಆ ಸೀಮೆಯ ಚಳಿ ಗಾಳಿಯ ಚಳಿ. ಮುಖ ಸುಡುತ್ತಿದ್ದರೂ ಬೆನ್ನು ನಡುಗುತ್ತಿತ್ತು.

ಮಾತು ಶುರುವಾದದ್ದು ಬೆಳಿಗ್ಗೆ ನೋಡಿದ ಅಶೋಕನ ಬಂಡೆಯಿಂದ. ಊರಿನವರಿಗೆ ಅದು ಅಕ್ಷರಗುಂಡು. ಬಿ. ಎಲ್. ರೈಸ್ 1892ರಲ್ಲಿ ಅದನ್ನು ಓದಿಸುವ ತನಕ ಆ ಅಕ್ಷರ ಯಾರದೆಂದು ಯಾರಿಗೂ ತಿಳಿದಿರಲಿಲ್ಲ, ಅಕ್ಷರವೆಂದು ಮಾತ್ರ ತಿಳಿದಿತ್ತು. ಸುವರ್ಣಗಿರಿಯಿಂದ ಇಸಿಲದ, ಅಂದರೆ ಇದೇ ಜಾಗದ, ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ರಾಜಾಜ್ಞೆ ಅದು. ಬರೆದ ಲಿಪಿಕಾರ ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಕೊನೆಯಲ್ಲಿ ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ವಾಯವ್ಯದ ಲಿಪಿಯೂ ತನಗೆ ಬರುತ್ತದೆಂದು ಇಷ್ಟು ದೂರ ಬಂದು ತೋರಿಸಿಕೊಂಡ ಆ ಗುಮಾಸ್ತನ ಮೇಲೆ ನನಗೆ ಇವತ್ತಿಗೂ ಒಂದು ಅಕ್ಕರೆ.

ಆ ಶಾಸನದಲ್ಲಿ 256 ಎಂಬ ಅಂಕಿಯಿದೆ. ಮೇಷ್ಟ್ರು ಅದನ್ನೇ ಹಿಡಿದುಕೊಂಡರು. ‘ಬ್ಯೂಲರ್ ಅಂತ ಮಹಾ ವಿದ್ವಾಂಸ. ಬುದ್ಧ ತೀರಿಕೊಂಡು 256 ವರ್ಷ ಆಯ್ತು ಅಂತ ಇದರರ್ಥ ಅಂದ. ಅಶೋಕನ ಕಾಲ ಗೊತ್ತಿದೆ, ಅದರ ಹಿಂದಕ್ಕೆ 256 ಎಣಿಸಿದರೆ ಬುದ್ಧನ ನಿರ್ವಾಣದ ವರ್ಷ ಸಿಕ್ಕಿಬಿಟ್ಟಿತು! ಎಂಥ ಸಂಭ್ರಮ ಆಗಿರಬೇಕು ನೋಡಿ. ಆಮೇಲೆ ಬೇರೆ ಕಡೆಯ ಪಾಠಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ, ಅದು ವರ್ಷವೇ ಅಲ್ಲ. ಅರಸ ಸಂಚಾರದಲ್ಲಿ ಕಳೆದ 256 ರಾತ್ರಿ.’

ತಾತ ಬೆಂಕಿ ಕೆದಕುತ್ತ, ‘ನೀವ್ ಬಸ್ ತಪ್ಪಿಸ್ಕೊಂಡು ಇವತ್ತು ಕಳೀತಿದ್ದೀರಲ್ಲ, ಹಂಗೆ’ ಅಂದ. ಎಲ್ಲರೂ ನನ್ನ ಕಡೆ ನೋಡಿ ನಕ್ಕರು.

ಅಶೋಕನ ಕಾಲ ಹೇಗೆ ಗೊತ್ತು ಎಂದು ನಮ್ಮಲ್ಲೊಬ್ಬಳು ಕೇಳಿದಳು. ಅವನ ಹದಿಮೂರನೆಯ ಶಿಲಾಶಾಸನದಲ್ಲಿ ಐದು ಜನ ಗ್ರೀಕ್ ಅರಸರ ಹೆಸರು ಬರುತ್ತದೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುಂದರ. ಐವರೂ ಏಕಕಾಲಕ್ಕೆ ಬದುಕಿದ್ದ ವರ್ಷಗಳು ಕೆಲವೇ ಕೆಲವು, ಕ್ರಿ.ಪೂ. ಮೂರನೆಯ ಶತಮಾನದ ನಡುಭಾಗದಲ್ಲಿ. ನಮ್ಮ ಪ್ರಾಚೀನ ಇತಿಹಾಸದ ಎತ್ತನ್ನು ಕಟ್ಟಿಹಾಕಿದ ಗೂಟ ಇದೇ. ‘ಗೂಟ ಇನ್ನೊಬ್ಬರ ಹೊಲದಲ್ಲಿದೆ, ಅದನ್ನ ಮರೀಬೇಡಿ’ ಅಂದರು ಮೇಷ್ಟ್ರು.

ತಾತ ತನ್ನ ಕಥೆ ತೆಗೆದದ್ದು ಆಗ. ಅವನು ಬೆಳಗಿನಿಂದ ಇದಕ್ಕೇ ಕಾದಿದ್ದ ಅಂತ ಕಾಣುತ್ತದೆ.

‘ದೊರೆ ಬಂದಿದ್ದು ಸ್ವಾತಂತ್ರ್ಯ ಬಂದ ವರ್ಷ. ನಂಗಾಗ ಮೀಸೆ ಚಿಗುರ್ತಿತ್ತು, ಆ ಯಪ್ಪಂದು ಇಷ್ಟಪ್ಪ ಮೀಸೆ. ಮಣ್ಣು ಹೊರಾಕೆ ಹೋಗ್ತಿದ್ದೆ. ಗುಂಡಿ ಗೋಡೆ ನೆಟ್ಟಗೆ ಇರಬೇಕು, ಸುಣ್ಣ ಬಳಿಯಂಗೆ. ಒಂದೊಂದು ಪದರಕ್ಕೂ ಚೀಟಿ ಚುಚ್ಚಿಸೋರು. ಮಣ್ಣಿಗೂ ಹೆಸರಿಡ್ತಾರಲ್ಲೋ ಅಂತ ನಾವು ನಗೋದು.’

ದೊರೆ ಎಂದರೆ ಮಾರ್ಟಿಮರ್ ವ್ಹೀಲರ್, ಆಗ ಭಾರತದ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕ. ಅದಕ್ಕೂ ಮೊದಲು 1940ರಲ್ಲಿ ಮೈಸೂರಿನ ಎಂ. ಎಚ್. ಕೃಷ್ಣ ಇಲ್ಲಿ ಅಗೆದಿದ್ದರು, ಅವರ ಹೆಸರನ್ನು ನಾವು ಇನ್ನಷ್ಟು ಹೇಳಬೇಕಿತ್ತು. ಆದರೆ ದಕ್ಷಿಣ ಭಾರತಕ್ಕೆಲ್ಲ ಒಂದು ಕಾಲಪಟ್ಟಿ ಕೊಡುತ್ತೇನೆಂದು ಹಟ ತೊಟ್ಟು ಬಂದವನು ವ್ಹೀಲರ್. ಅವನ ಕೈಯಲ್ಲೊಂದು ಹಗ್ಗವಿತ್ತು, ಅದು ಬಂದದ್ದು ಇಟಲಿಯಿಂದ.

ಪುದುಚೇರಿಯ ಪಕ್ಕದ ಅರಿಕಮೇಡಿನಲ್ಲಿ 1945ರಲ್ಲಿ ಅವನು ಅಗೆದಾಗ ಅರೆಜ್ಜೊ ಊರಿನ ಕೆಂಪು ಮಡಿಕೆಯ ಚೂರುಗಳು ಸಿಕ್ಕವು. ಕುಂಬಾರನ ಮುದ್ರೆಯಿದ್ದ ಆ ಮಡಿಕೆಗಳ ಕಾಲ ರೋಮಿನ ಲೆಕ್ಕದಲ್ಲಿ ಗೊತ್ತು, ಕ್ರಿ.ಶ. ಮೊದಲ ಶತಮಾನದ ಮೊದಲ ಅರ್ಧ. ಅದರ ಜೊತೆಯಲ್ಲಿ ಇನ್ನೊಂದು ಬಗೆಯ ತಟ್ಟೆಗಳಿದ್ದವು. ಒಳತಳದಲ್ಲಿ ಸಣ್ಣ ಚುಕ್ಕೆ ಗೀರುಗಳ ಬಳೆ ಬಳೆ ಅಲಂಕಾರ, ಹಲ್ಲಿನ ಚಕ್ರ ಉರುಳಿಸಿದ ಹಾಗೆ. ಅಂಥದೇ ತಟ್ಟೆಯ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕವು. ಸರಿ, ಮೇಲಿನ ಪದರ ಮೊದಲ ಶತಮಾನದ್ದಾಯಿತು. ಅದರ ಕೆಳಗೆ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದ ಕಬ್ಬಿಣದ ಜನ, ಇನ್ನೂ ಕೆಳಗೆ ಕಲ್ಲುಕೊಡಲಿಯವರು. ಅವರಿಗೆ ವರ್ಷ ಕೊಡುವುದು ಹೇಗೆ? ಮಣ್ಣಿನ ದಪ್ಪ ನೋಡಿ ಹಿಂದಕ್ಕೆ ಅಳೆದ.

ಮೇಷ್ಟ್ರು ತಾತನ ಕಡೆ ತಿರುಗಿದರು. ‘ಒಂದು ಗೇಣು ಮಣ್ಣು ಕೂರೋಕೆ ಎಷ್ಟು ವರ್ಷ ಬೇಕು ತಾತ?’

‘ಹಳ್ಳ ಬಂದ್ರೆ ಒಂದೇ ರಾತ್ರಿ ಸ್ವಾಮಿ. ಬರ್ಲಿಲ್ಲ ಅಂದ್ರೆ ನಮ್ಮಪ್ಪನ ಕಾಲದಿಂದ್ಲೂ ಅಷ್ಟೇ ಐತೆ.’

ವ್ಹೀಲರನ ಪಟ್ಟಿಯ ಮೇಲೆ ನಾನು ಆಮೇಲೆ ಎಷ್ಟೋ ವಿಮರ್ಶೆ ಓದಿದ್ದೇನೆ, ಇದಕ್ಕಿಂತ ಚುರುಕಾದದ್ದನ್ನು ಓದಿಲ್ಲ. ಅವನ ಪ್ರಕಾರ ಕಲ್ಲುಕೊಡಲಿಯವರು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ ಎರಡನೆಯ ಶತಮಾನದ ಆರಂಭದ ತನಕ ಇದ್ದರು. ಕಬ್ಬಿಣದವರು ಬಂದದ್ದು ಕ್ರಿ.ಪೂ. 200ರ ಸುಮಾರಿಗೆ. ಈಗ ಅಕ್ಷರಗುಂಡನ್ನು ನೆನೆಯಿರಿ. ಅದು ಅದಕ್ಕಿಂತ ಐವತ್ತು ವರ್ಷ ಹಳೆಯದು. ಅಂದರೆ ಅಶೋಕ ರಾಜಾಜ್ಞೆ ಕೊರೆಸಿದಾಗ ಇಸಿಲದ ಜನ ಕಲ್ಲಿನ ಕೊಡಲಿ ಮಸೆಯುತ್ತಿದ್ದರು! ಚಪಡ ಉಳಿ ಹಿಡಿದು ಗ್ರಾನೈಟು ಕೊರೆಯುವಾಗ ಸುತ್ತ ನಿಂತವರಿಗೆ ಕಬ್ಬಿಣವೇ ಗೊತ್ತಿರಲಿಲ್ಲ ಎನ್ನಬೇಕು. ಮೌರ್ಯರೇ ದಕ್ಷಿಣಕ್ಕೆ ನಾಗರಿಕತೆಯ ಬಾಗಿಲು ತೆರೆದರೆಂದು ನಂಬಿದವರಿಗೆ ಇದು ಅಷ್ಟೇನೂ ವಿಚಿತ್ರವಾಗಿ ಕಂಡಿರಲಿಲ್ಲ. ಉತ್ತರದಿಂದಲೋ ಪಶ್ಚಿಮದಿಂದಲೋ ಬಂದು ಯಾರಾದರೂ ನಮ್ಮನ್ನು ಎಬ್ಬಿಸಬೇಕು ಎಂಬ ಧೋರಣೆ ಆ ಪಟ್ಟಿಯ ಹಿಂದೆ ಇತ್ತೆಂದೇ ನನ್ನ ಅನಿಸಿಕೆ.

ಹಾಗೆಂದು ವ್ಹೀಲರನನ್ನು ಹಳಿಯಲು ಮೇಷ್ಟ್ರು ಬಿಡಲಿಲ್ಲ. ‘ಚೀಟಿ ಚುಚ್ಚಿಸಿದ್ದಕ್ಕೆ ನಕ್ಕಿರಲ್ಲ ತಾತ, ಆ ಚೀಟಿಗಳಿಂದಲೇ ಅವನ ತಪ್ಪು ನಮಗೆ ಗೊತ್ತಾಗಿದ್ದು. ಯಾವುದು ಮೇಲೆ, ಯಾವುದು ಕೆಳಗೆ ಅಂತ ಅವನು ಹೇಳಿದ್ದು ಇವತ್ತಿಗೂ ಬಹುಪಾಲು ನಿಂತಿದೆ. ಬಿದ್ದಿದ್ದು ವರ್ಷ ಮಾತ್ರ.’

ವರ್ಷ ಬಿದ್ದದ್ದು ಇದ್ದಿಲಿನಿಂದ. ವ್ಹೀಲರ್ ಇಲ್ಲಿಂದ ಹೋದ ಮೇಲೆ, 1949ರಲ್ಲಿ, ಅಮೆರಿಕದ ವಿಲ್ಲರ್ಡ್ ಲಿಬ್ಬಿ ಇಂಗಾಲ-14ರಿಂದ ಕಾಲ ಎಣಿಸುವ ವಿದ್ಯೆಯನ್ನು ಲೋಕದ ಮುಂದಿಟ್ಟ. ಮರ ಬದುಕಿರುವ ತನಕ ಗಾಳಿಯಿಂದ ಆ ಇಂಗಾಲವನ್ನು ಎಳೆದುಕೊಳ್ಳುತ್ತದೆ. ಸತ್ತ ಮೇಲೆ ಒಳಗಿರುವುದು ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಉಳಿದದ್ದನ್ನು ಅಳೆದರೆ ಸತ್ತು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಈ ಲೆಕ್ಕದಲ್ಲಿ ‘ಇಂದಿನಿಂದ ಇಷ್ಟು ವರ್ಷ ಹಿಂದೆ’ ಎಂದು ಬರೆದಿದ್ದರೆ ಆ ‘ಇಂದು’ 1950. ವಿಜ್ಞಾನಿಗಳ ಗಡಿಯಾರದಲ್ಲಿ ಇಂದು ಅಲ್ಲೇ ನಿಂತುಬಿಟ್ಟಿದೆ.

ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ 1965ರಲ್ಲಿ ಅಗೆದು, ಕಬ್ಬಿಣ ಮೊದಲು ಕಾಣಿಸಿದ ಪದರದ ಇದ್ದಿಲನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕಳುಹಿಸಿದರು. ಬಂದ ಉತ್ತರ ಕ್ರಿ.ಪೂ. 1000ದ ಆಸುಪಾಸು. ವ್ಹೀಲರನ ಕಬ್ಬಿಣ ಒಂದೇ ಏಟಿಗೆ ಎಂಟು ನೂರು ವರ್ಷ ಹಿಂದಕ್ಕೆ ಸರಿಯಿತು. ಆಲ್ಚಿನ್ 1957ರಲ್ಲಿ ಅಗೆದ ಉಟ್ನೂರಿನ ಬೂದಿದಿಬ್ಬ ಕಲ್ಲುಕೊಡಲಿಯವರನ್ನು ಆಗಲೇ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತ್ತು. ಕೊನೆಗೆ ಹಗ್ಗದ ಮೊದಲ ಗಂಟೂ ಸಡಿಲವಾಯಿತು. ಅರಿಕಮೇಡಿನ ಆ ಬಳೆಗೀರಿನ ತಟ್ಟೆ ರೋಮಿನ ಮಡಿಕೆ ಬರುವ ಮೊದಲೇ, ಕ್ರಿ.ಪೂ. ಎರಡನೆಯ ಶತಮಾನದಲ್ಲೇ ಇತ್ತೆಂದು ವಿಮಲಾ ಬೆಗ್ಲಿ 1983ರಲ್ಲಿ ವಾದ ಹೂಡಿದರು.

ಇಷ್ಟು ಕೇಳುವಷ್ಟರಲ್ಲಿ ನನ್ನ ಜೇಬು ಬೆಚ್ಚಗಾಗತೊಡಗಿತ್ತು. ಇನ್ನು ತಡೆಯಲಾರದೆ ಕರ್ಚೀಫು ಬಿಚ್ಚಿ ಇದ್ದಿಲನ್ನು ಅಂಗೈಮೇಲಿಟ್ಟು ಮೇಷ್ಟ್ರ ಮುಂದೆ ಹಿಡಿದೆ. ‘ಸರ್, ಇದನ್ನ ಕಳಿಸೋಣ. ಬ್ರಹ್ಮಗಿರಿಯದೇ.’

ಅವರು ಅದನ್ನು ಬೆಂಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ‘ಯಾವ ಪದರ?’

‘ಗೊತ್ತಿಲ್ಲ ಸರ್. ಕೊರಕಲಿನಲ್ಲಿತ್ತು.’

‘ಜೊತೆಗೆ ಏನಿತ್ತು?’

‘ಮಣ್ಣು.’

‘ಇದರಲ್ಲಿ ಸುತ್ತಿದ್ದಾ?’ ಬೆವರು ಒರೆಸಿದ ಆ ಕರ್ಚೀಫನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಹತ್ತಿಯೂ ಗಿಡದ್ದೇ, ಅದರ ಎಳೆಯಲ್ಲೂ ಇಂಗಾಲವಿದೆ, ಮೊನ್ನೆ ಮೊನ್ನೆಯ ಇಂಗಾಲ. ತರಗತಿಯಲ್ಲಿ ಬರೆದುಕೊಂಡಿದ್ದೆ, ಕೈಗೆ ಮರೆತುಹೋಗಿತ್ತು.

ತಾತ ಬಗ್ಗಿ ನೋಡಿ, ‘ಅಲ್ಲಿ ಹೋದ್ವರ್ಷ ನಮ್ಮೋರೇ ಜಾಲಿ ಸುಟ್ಟಿದ್ರು, ಅದೇನೋ ಯಾರಿಗ್ಗೊತ್ತು’ ಅಂದ.

ಮೇಷ್ಟ್ರು ಮಾತಾಡದೆ ಆ ಇದ್ದಿಲನ್ನು ಬೆಂಕಿಗೆ ಹಾಕಿದರು.

ನನಗೆ ಕಣ್ಣಲ್ಲಿ ನೀರೇ ಬಂತು. ಇಪ್ಪತ್ತೊಂದು ವರ್ಷದವನಿಗೆ ಅದು ಸಾಮಾನ್ಯ ಅವಮಾನವಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೇಷ್ಟ್ರೇ ಅಂದರು: ‘ಕಳಿಸಿದ್ದರೆ ಲ್ಯಾಬಿನವರು ವರ್ಷ ಕೊಡ್ತಿದ್ದರು ಕಣಯ್ಯ. ಮೂರು ಸಾವಿರವೋ ಮೂವತ್ತೋ, ಒಂದು ಅಂಕಿ ಬಂದೇ ಬರುತ್ತೆ. ಅಂಕಿ ಬಂದಮೇಲೆ ಅದನ್ನ ಯಾರೂ ವಾಪಸ್ ತಗೊಳ್ಳಲ್ಲ. ಅದಕ್ಕೇ ಹಾಕಿದೆ.’

ಆ ಮಾತು ಮತ್ತೆ ಕಿವಿಯಲ್ಲಿ ಮೊಳಗಿದ್ದು 2025ರ ಜನವರಿಯಲ್ಲಿ. ತಮಿಳುನಾಡಿನ ಸರ್ಕಾರ ಕಬ್ಬಿಣದ ಪ್ರಾಚೀನತೆಯ ವರದಿ ಬಿಡುಗಡೆ ಮಾಡಿ, ಶಿವಗಲೈ ಊರಿನ ಸಮಾಧಿ ಮಡಿಕೆಯೊಂದರ ಇದ್ದಿಲು ಕ್ರಿ.ಪೂ. 3345ಕ್ಕೆ ಹೋಗುತ್ತದೆ ಎಂದಿತು. ಅದಕ್ಕೂ ಮುಂಚೆ, 2022ರಲ್ಲಿ, ನಮ್ಮ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಿಂದ ಕ್ರಿ.ಪೂ. 2172 ಎಂಬ ಅಂಕಿ ಬಂದಿತ್ತು. ಕೆಲವರು ಪಟಾಕಿ ಹೊಡೆದರು, ಕೆಲವರು ಓದುವ ಮೊದಲೇ ಸುಳ್ಳೆಂದರು. ನನಗೆ ಎರಡೂ ಸೇರಲಿಲ್ಲ. ಇದ್ದಿಲಿನ ಲೆಕ್ಕ ಹೇಳುವುದು ಮರ ಸತ್ತ ಕಾಲವನ್ನು. ಪಕ್ಕದ ಕಬ್ಬಿಣವನ್ನು ಕಾಯಿಸಿದ ಕಾಲವೂ ಅದೇ ಎನ್ನಬೇಕಾದರೆ ಎರಡೂ ಒಂದೇ ಹೊತ್ತಿಗೆ ಅಲ್ಲಿ ಬಿದ್ದವೆಂದು ಪದರ ತೋರಿಸಬೇಕು. ಅದೇ ಶಿವಗಲೈಯ ಇನ್ನೊಂದು ಸಮಾಧಿ ಮಡಿಕೆಯಲ್ಲಿ ಸಿಕ್ಕ ಭತ್ತ ಕ್ರಿ.ಪೂ. 1155 ಎನ್ನುತ್ತದೆ. ಒಂದೇ ಸುಡುಗಾಡು, ಎರಡು ಸಾವಿರ ವರ್ಷಕ್ಕೂ ಮೀರಿದ ಅಂತರ. ಅಷ್ಟು ಕಾಲ ಒಂದೇ ಜಾಗದಲ್ಲಿ ಹೂಳುತ್ತ ಬಂದಿರಬಹುದು, ಹಳೆಯ ಕಟ್ಟಿಗೆ ಹೊಸ ಗುಂಡಿಗೆ ಸೇರಿರಲೂಬಹುದು. ಇನ್ನಷ್ಟು ಮಡಿಕೆ ತೆರೆಯಬೇಕು, ಇನ್ನಷ್ಟು ಕಾಳು ಅಳೆಯಬೇಕು. ಹಾಗಾದ ಮೇಲೂ ಆ ಅಂಕಿ ನಿಂತರೆ ಹಳ್ಳೂರಿನವರ ಪರವಾಗಿ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಆ ರಾತ್ರಿಯದು ಸ್ವಲ್ಪ ಉಳಿಯಿತು. ನಾವು ಮಲಗಿದ ಮೇಲೂ ಮೇಷ್ಟ್ರು ಬೆಂಕಿಯ ಹತ್ತಿರವೇ ಕೂತಿದ್ದರು, ತಾತನ ಜೊತೆ ಏನೋ ಮೆಲ್ಲಗೆ ಮಾತು. ಕಟ್ಟಿಗೆ ಮುಗಿದು ಕೆಂಡ ಕಪ್ಪಾಗುವ ತನಕ ನಾನು ಕಂಬಳಿಯ ಸಂದಿಯಿಂದ ನನ್ನ ಇದ್ದಿಲು ಬಿದ್ದ ಜಾಗವನ್ನೇ ನೋಡುತ್ತಿದ್ದೆ. ಬೆಳಿಗ್ಗೆ ಎದ್ದಾಗ ತಾತ ಅಲ್ಲಿಂದಲೇ ಒಂದು ಕರಿ ತುಂಡು ಆರಿಸಿ, ಚಪ್ಪಡಿ ಕಲ್ಲಿನ ಮೇಲೆ ನುಣ್ಣಗೆ ಅರೆದು, ತೋರುಬೆರಳಲ್ಲಿ ಹಲ್ಲು ಉಜ್ಜಿಕೊಳ್ಳುತ್ತಿದ್ದ.