ಗಡ್ಡಪ್ಪನ ಹೊಟ್ಟೆ

ಹಲ್ಲಿ ಸಾಕುವವರಿಗೆ ಹಿಕ್ಕೆಯ ವಿಚಾರ ಮಾತಾಡಲು ನಾಚಿಕೆಯಿಲ್ಲ. ಊಟಕ್ಕೆ ಕೂತಾಗಲೂ ಮಾತಾಡುತ್ತೇವೆ. ಕಂದು ಭಾಗ ಗಟ್ಟಿಯಾಗಿದೆಯೇ? ಅದರ ತುದಿಗಿರುವ ಬಿಳಿ ಮುದ್ದೆ ಮೆತ್ತಗಿದೆಯೇ, ಒಣಗಿ ಪುಡಿಯಾಗುತ್ತಿದೆಯೇ? ಈ ಪ್ರಾಣಿಗಳ ಮೂತ್ರ ನೀರಾಗಿ ಹೋಗದೆ ಬಿಳಿ ಮುದ್ದೆಯಾಗಿ ಅದೇ ದಾರಿಯಲ್ಲೇ ಬರುತ್ತದೆ. ಹಾಗಾಗಿ ಒಂದು ಹಿಕ್ಕೆ ನೋಡಿದರೆ ಕರುಳಿನ ಸಮಾಚಾರವೂ ಗೊತ್ತಾಗುತ್ತದೆ, ಮೈಯಲ್ಲಿ ನೀರೆಷ್ಟಿದೆ ಅನ್ನುವುದೂ ಗೊತ್ತಾಗುತ್ತದೆ. ಇಷ್ಟು ಕಡಿಮೆ ಖರ್ಚಿನ ತಪಾಸಣೆ ಮನುಷ್ಯರಿಗೆ ಎಲ್ಲಿದೆ!

ನಮ್ಮ ಗಡ್ಡಪ್ಪ ಬಿಯರ್ಡೆಡ್ ಡ್ರ್ಯಾಗನ್. ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿಯವನು. ಸಿಡ್ನಿಯಲ್ಲಿ ನಮ್ಮ ಜೊತೆ ಇದ್ದಾನೆ. ಇವನನ್ನು ಮನೆಯಲ್ಲಿಟ್ಟುಕೊಳ್ಳಲು ನ್ಯೂ ಸೌತ್ ವೇಲ್ಸ್ ಸರ್ಕಾರದ ಪರವಾನಗಿ ಬೇಕು, ಅದನ್ನು ಮಾಡಿಸಿಕೊಂಡಿದ್ದೇನೆ. ಸಿಟ್ಟು ಬಂದಾಗ ಗಂಟಲ ಕೆಳಗಿನ ಮುಳ್ಳುಚರ್ಮ ಉಬ್ಬಿ ಕಪ್ಪಾಗುತ್ತದೆ, ಅದೇ ಗಡ್ಡ. ನಮ್ಮೂರ ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತವೂ ಇವನೂ ಒಂದೇ ಕುಟುಂಬ, ಅಗಾಮಿಡೇ. ತಲೆ ಕುಣಿಸುವುದನ್ನು ಇವನೂ ಬಿಟ್ಟಿಲ್ಲ.

ಊರು ಬಿಟ್ಟು ಹೋಗುತ್ತಿದ್ದವರೊಬ್ಬರ ಮನೆಯಿಂದ ಇವನು ಬಂದಾಗ ಗಾಜಿನ ಪೆಟ್ಟಿಗೆಯ ತುಂಬ ನುಣುಪು ಮರಳು, ಮೇಲೊಂದು ಮಂಕು ದೀಪ. ಸೊಪ್ಪು ಇಟ್ಟರೆ ಮೂಸಿಯೂ ನೋಡಲಿಲ್ಲ. ತಣ್ಣನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಆಗಾಗ ಬಾಲ ಎತ್ತಿ ತಿಣುಕುತ್ತಿದ್ದ, ಏನೂ ಬರುತ್ತಿರಲಿಲ್ಲ. ಹೊಟ್ಟೆ ಮುಟ್ಟಿದರೆ ಬಿಗಿ. ಕರುಳು ಕಟ್ಟಿಕೊಂಡ ಹಲ್ಲಿ ಹಿಂಗಾಲು ಎಳೆಯತೊಡಗಿದರೆ ಗಳಿಗೆಯೂ ಕಾಯಬಾರದು. ಇವನ ಕಾಲು ಇನ್ನೂ ಗಟ್ಟಿಯಿತ್ತು. ಆದರೂ ಸರೀಸೃಪಗಳನ್ನು ನೋಡುವ ವೈದ್ಯೆಯ ಬಳಿಗೆ ಒಯ್ದೆ. ಎಕ್ಸ್‌ರೇಯಲ್ಲಿ ಮರಳು ಬಿಳಿಯಾಗಿ ಒಂದೇ ಕಡೆ ಗುಡ್ಡೆ ಬಿದ್ದಿತ್ತು. ಗ್ರಾಂ ಲೆಕ್ಕದಲ್ಲಿ ತೂಗಿ, ಆ ತೂಕಕ್ಕೆ ತಕ್ಕಷ್ಟು, ಮಲ ಸಡಿಲಿಸುವ ಲ್ಯಾಕ್ಟುಲೋಸ್ ಬರೆದುಕೊಟ್ಟರು. ಜಗ್ಗದಿದ್ದರೆ ಎನಿಮಾ, ಅದಕ್ಕೂ ಜಗ್ಗದಿದ್ದರೆ ಶಸ್ತ್ರಚಿಕಿತ್ಸೆ ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಬಿಸಿಲು ಕಾಯುವ ಕಲ್ಲು ಎಷ್ಟು ಡಿಗ್ರಿ ಇದೆ?"

ಈ ಪ್ರಶ್ನೆಗೇ ನಾನು ಮರುಳಾಗಿದ್ದು. ಹಲ್ಲಿಯ ಜೀರ್ಣಶಕ್ತಿ ಅರ್ಧ ಹೊಟ್ಟೆಯಲ್ಲಿದ್ದರೆ ಇನ್ನರ್ಧ ದೀಪದಲ್ಲಿರುತ್ತದೆ. ಅದರ ಮೈ ತಾನಾಗಿ ಬೇಕಾದಷ್ಟು ಶಾಖ ಹುಟ್ಟಿಸಿಕೊಳ್ಳುವುದಿಲ್ಲ. ಹೊರಗಿನ ಬಿಸಿ ಸಾಲದಿದ್ದರೆ ಜೀರ್ಣರಸಗಳು ಮಂದವಾಗಿ, ಕರುಳಿನ ಚಲನೆ ನಿಧಾನವಾಗಿ, ತಿಂದದ್ದು ತಿಂದಲ್ಲೇ ಕೂರುತ್ತದೆ. ಕಲ್ಲಿನ ಮೇಲ್ಮೈ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು, ಪೆಟ್ಟಿಗೆಯ ಇನ್ನೊಂದು ತುದಿ 25ರ ಸುತ್ತ. ಬಿಸಿ ಹೆಚ್ಚಾದರೆ ಅತ್ತ, ಕಡಿಮೆಯಾದರೆ ಇತ್ತ, ಅವನೇ ಓಡಾಡಿ ಸರಿದೂಗಿಸಿಕೊಳ್ಳುತ್ತಾನೆ. ಇನ್ನು ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬು: ಅದು ಕಣ್ಣಿಗೆ ಮೋಸ ಮಾಡುವ ವಸ್ತು. ಬೆಳಕು ಫಳಫಳ ಅನ್ನುತ್ತಿದ್ದರೂ ವರ್ಷ ಕಳೆಯುವಷ್ಟರಲ್ಲಿ ಅದರ ಯುವಿಬಿ ಕಿರಣ ಸೊರಗಿರುತ್ತದೆ. ಆ ಕಿರಣವಿಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಹುಟ್ಟದು, ಡಿ3 ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು, ಕ್ಯಾಲ್ಸಿಯಂ ಇಲ್ಲದೆ ಯಾವ ಸ್ನಾಯುವೂ ಸರಿಯಾಗಿ ಹಿಂಡಿಕೊಳ್ಳದು. ಕರುಳೂ ಸ್ನಾಯುವೇ ತಾನೆ? ಗುರಿಯಿಟ್ಟು ಒತ್ತಿದರೆ ಶಾಖ ತೋರಿಸುವ ಥರ್ಮಾಮೀಟರ್ ತಂದೆ. ಅದನ್ನು ಹಿಡಿದು ಕಲ್ಲು, ಕೊಂಬೆ, ಮೂಲೆ ಎಲ್ಲವನ್ನೂ ಅಳೆಯುತ್ತ, ದೀಪವನ್ನು ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಮಾಡುತ್ತ ಕಳೆದ ಸಂಜೆಗಳ ಸುಖವೇ ಬೇರೆ. ಬೆಳಿಗ್ಗೆ ಸ್ವಿಚ್ ಒತ್ತಿ ಸೂರ್ಯನನ್ನು ಹುಟ್ಟಿಸುವ ಅಧಿಕಾರ ಆಫೀಸಿನಲ್ಲಿ ಯಾರೂ ನನಗೆ ಕೊಟ್ಟಿಲ್ಲ.

ಹಾಸನದಿಂದ ಅಮ್ಮನ ಫೋನು. "ಒಂದು ತೊಟ್ಟು ಹರಳೆಣ್ಣೆ ಬಿಡೋ, ಎಲ್ಲಾ ಸರಿಹೋಗತ್ತೆ." ಗಡ್ಡಪ್ಪನ ಬಾಯಿ ತೆರೆಸಿದರೆ ನಾಲಗೆಯ ಬುಡದಲ್ಲೇ ಉಸಿರಿನ ಕಿಂಡಿ ತೆರೆದುಕೊಂಡು ಮುಚ್ಚಿಕೊಳ್ಳುವುದು ಕಾಣಿಸುತ್ತದೆ. ಎಣ್ಣೆ ಸುಮ್ಮನೆ ಸುರಿದರೆ ಜಾರುವುದು ಶ್ವಾಸಕೋಶಕ್ಕೆ. ಔಷಧಿಯನ್ನೂ ಸೂಜಿಯಿಲ್ಲದ ಸಿರಿಂಜಿನಿಂದ ಮೂತಿಯ ಅಂಚಿಗೆ ತೊಟ್ಟು ತೊಟ್ಟಾಗಿ ತಾಗಿಸುತ್ತಿದ್ದೆ, ಅವನು ನೆಕ್ಕಿಕೊಳ್ಳುತ್ತಿದ್ದ. ಇಷ್ಟನ್ನೂ ವಿವರಿಸಿದೆ. ಅಮ್ಮ "ಹೂಂ" ಅಂದಳು, ಒಪ್ಪಿದಂತೆ ಕೇಳಿಸಲಿಲ್ಲ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಸ್ನಾನ. ಪ್ಲಾಸ್ಟಿಕ್ ಟಬ್ಬಿನಲ್ಲಿ 33 ಡಿಗ್ರಿಯ ನೀರು, ಅವನ ಮೊಣಕೈ ಮುಳುಗುವಷ್ಟು, ಮೇಲಿಲ್ಲ. ಇಳಿಸಿದ ಕೂಡಲೇ ಪಕ್ಕೆ ಉಬ್ಬಿಸಿಕೊಂಡು ಅಗಲವಾಗುತ್ತಾನೆ. ಸ್ವಲ್ಪ ಹೊತ್ತಿಗೆ ಉಸಿರು ಬಿಟ್ಟು ಸಡಿಲಾಗಿ, ಗದ್ದ ನೀರಿಗೆ ತಾಗಿಸಿ, ಗುಲಾಬಿ ನಾಲಗೆ ಚಾಚಿ ಕುಡಿಯುತ್ತಾನೆ. ಆಗ ಎದೆಗೂಡಿನ ಕೆಳಗಿಂದ ಬಾಲದ ಕಡೆಗೆ ಎರಡು ಬೆರಳಿನಿಂದ ಸವರುವುದು. ಒತ್ತುವುದಲ್ಲ, ಸವರುವುದು. ಮೇಲೆ ಮುಳ್ಳುಮುಳ್ಳಾಗಿ ಕಾಣುವವನ ಹೊಟ್ಟೆ ಎಷ್ಟು ನುಣುಪು! ಒಳಗೆ ಹುಣಸೆಬೀಜದಂಥ ಗಟ್ಟಿ ಗಂಟೊಂದು ಬೆರಳಿಗೆ ಸಿಗುತ್ತಿತ್ತು. ಒಂದು ಸಂಜೆ ಸಿಕ್ಕಿದ ಜಾಗದಲ್ಲಿ ಮರುಸಂಜೆ ಇರಲಿಲ್ಲ, ಚೂರು ಹಿಂದಕ್ಕೆ ಸರಿದಿತ್ತು. ಆಮೇಲೆ ಟವೆಲ್ಲಿನಲ್ಲಿ ಒರೆಸಿ ನೇರ ಕಲ್ಲಿನ ಮೇಲಕ್ಕೆ. ಕರುಳು ಬಿಡುವವರೆಗೆ ಹುಳು ಬಂದ್. ಮೂತಿಗೆ ಹಚ್ಚಿದ ಪಪ್ಪಾಯಿ, ಬೇಯಿಸಿ ಕಿವುಚಿದ ಕುಂಬಳಕಾಯಿ, ಅಷ್ಟೇ.

ಕೊನೆಗೆ ಟಬ್ಬಿನಲ್ಲೇ ಬಾಲ ಎತ್ತಿದ. ವಾಸನೆ ಅಡುಗೆಮನೆಗೂ ಹೋಯಿತು. "ಬಂತೇನ್ರೀ?" ಅಂತ ಅಲ್ಲಿಂದಲೇ ಹೆಂಡತಿಯ ಕೂಗು. ಐಸ್‌ಕ್ರೀಂ ಕಡ್ಡಿಯಿಂದ ಬಿಡಿಸಿ ನೋಡಿದೆ: ಮರಳು, ಹುಳುವಿನ ಮುರಿದ ಕಾಲುಗಳು, ಮತ್ತೆ ಮರಳು. ಮೆತ್ತನೆಯ ಬಿಳಿ ಮುದ್ದೆಯೂ ಇತ್ತು. ಕಲ್ಲಿಗೆ ಮರಳಿದವನು ಬಿಸಿ ಏರಿದಂತೆ ಬಾಯಿ ಅಗಲಿಸಿ ಕೂತ, ದರ್ಬಾರಿನ ಗತ್ತಿನಲ್ಲಿ.

ಮರಳನ್ನು ಶಪಿಸುವವರು ಬಹಳ. ನಾನು ಅಷ್ಟು ದೂರ ಹೋಗಲಾರೆ. ಸರಿಯಾದ ಬಿಸಿ, ಬೆಳಕು, ನೀರು ಸಿಗುವ ಗಟ್ಟಿಮುಟ್ಟು ಪ್ರಾಣಿ ನಾಲ್ಕು ಕಾಳು ಮರಳನ್ನು ಸುಲಭವಾಗಿ ದಾಟಿಸುತ್ತದೆ. ತಣ್ಣಗೆ ಕೂತ ಕರುಳಿಗೆ ಅದೇ ಬಂಡೆ. ಆದರೂ ಈಗ ನೆಲಕ್ಕೆ ಹೆಂಚುಬಿಲ್ಲೆ ಹಾಸಿದ್ದೇನೆ, ಒರೆಸಲು ಸುಲಭ. ಜಿರಲೆ ಜಾತಿಯ ಹುಳುಗಳನ್ನು ಅಂಗಡಿಯಿಂದ ತರುತ್ತೇನೆ, ಅವನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದನ್ನು ಕೊಡುವುದಿಲ್ಲ.

ಅಮ್ಮನಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದೆ. "ಹರಳೆಣ್ಣೆ ಕೊಟ್ಟಿದ್ದಿದ್ರೆ ಆವತ್ತೇ ಆಗೋದು" ಅಂದಳು.