ಬಲ್ಮಠದಲ್ಲಿ ಕಲಿತ ಪಾಠ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮಂಗಳೂರಿಗೆ ಹೋಗಿದ್ದೆ. ಬಲ್ಮಠದ ಏರು ಹತ್ತುವಷ್ಟರಲ್ಲಿ ನನಗೆ ಏದುಸಿರು. ನೆರಳು ನೋಡಿ ಕುಳಿತೆವು.

“ತಾತ, ಇಲ್ಲಿ ಏನು ವಿಶೇಷ?” ಎಂದಳು.

ಮಕ್ಕಳೇ, ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಸಮುದ್ರ ದಾಟಿ ಈ ಊರಿಗೆ ಬಂದರು. 1853ರಲ್ಲಿ ಅದೇ ಮಿಷನ್ನಿನಿಂದ ಫರ್ಡಿನೆಂಡ್ ಕಿಟ್ಟೆಲ್ ಎಂಬ 21ರ ಜರ್ಮನ್ ತರುಣ ನಮ್ಮ ನಾಡಿಗೆ ಬಂದ. ದೇವರ ಮಾತು ಹೇಳಲು ಬಂದವನು ಮೊದಲು ಜನರ ಮಾತು ಕಲಿಯಲು ಕುಳಿತ. ಹಳಗನ್ನಡ ಓದಿದ, ಗಾದೆಗಳನ್ನು ಕೇಳಿ ಬರೆದುಕೊಂಡ. ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಅಚ್ಚುಕೂಟದಿಂದ ಹೊರಬಂತು. ಬಂದು 41 ವರ್ಷವಾಗಿತ್ತು! ಮತ ಯಾವುದೇ ಇರಲಿ, ಆ ಶ್ರದ್ಧೆಗೆ ಕೈಮುಗಿಯಬೇಕು.

ಹೇಳುತ್ತಾ ನನಗೇ ನಾಚಿಕೆಯಾಯಿತು. 1978ರಲ್ಲಿ ನನಗೂ ಈ ಊರಿನ ಬ್ಯಾಂಕಿಗೆ ವರ್ಗವಾಗಿತ್ತು. ಮೂರು ವರ್ಷ ಇದ್ದರೂ ತುಳು ಕಲಿಯಲಿಲ್ಲ. ಒಮ್ಮೆ ಅಜ್ಜಿಯೊಬ್ಬರು ಕೌಂಟರಿನಲ್ಲಿ ತುಳುವಿನಲ್ಲಿ ಏನೋ ಕೇಳಿದರು. “ಕನ್ನಡದಲ್ಲಿ ಹೇಳಿ” ಎಂದು ಗದರಿದೆ. ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಸುಮ್ಮನೆ ಹೋದರು. ಮತ್ತೆ ಬರಲಿಲ್ಲ.

“ಈಗಲಾದರೂ ಕಲಿ ತಾತ” ಎಂದಳು ಮೊಮ್ಮಗಳು.

ಇಳಿದು ಬರುವಾಗ ಎಳನೀರು ಕುಡಿದೆವು. ಮಾರುವಾಕೆಯನ್ನು “ಏತಾಂಡ್?” ಎಂದು ಕೇಳಿದೆ. ಎಷ್ಟಾಯಿತು ಎಂದರ್ಥ. ಆಕೆ ನಕ್ಕು, ತುಳುವಿನಲ್ಲೇ ಲೆಕ್ಕ ಹೇಳಿದರು. ಅರ್ಥವಾಗಲಿಲ್ಲ. ಇನ್ನೊಮ್ಮೆ ನಿಧಾನವಾಗಿ ಹೇಳಿ ಎಂದು ಬೇಡಿಕೊಂಡೆ.